ಅಜ್ಜಿಯ ತಲೆಯ ಮೇಲಿನ ಪೈಪು

ಪ್ರಶ್ನೆ: ಸರ್, ನಾನು ಹಾಸನದ ಹತ್ತಿರದ ಒಂದು ಹಳ್ಳಿಯವನು. ಆರು ತಿಂಗಳ ಹಿಂದೆ ನಮ್ಮ ಭಾವನಿಂದ ಅವರ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ತೆಗೆದುಕೊಂಡೆ. ಜೊತೆಗೆ 18ರಿಂದ 55 ಎಂಎಂ ತನಕ ಜೂಮ್ ಆಗುವ 18-55 ಲೆನ್ಸ್ ಇದೆ. ಅಪರ್ಚರ್, ಶಟರ್, ಐಎಸ್‌ಒ ಅನ್ನೋ ಬೆಳಕಿನ ಸೆಟ್ಟಿಂಗ್‌ಗಳು ಸುಮಾರಾಗಿ ಅರ್ಥವಾಗಿವೆ. ಫೋಕಸ್ ಸರಿ ಬರುತ್ತೆ, ಬೆಳಕೂ ಸರಿ ಇರುತ್ತೆ. ಆದರೂ ಮನೆಗೆ ಬಂದು ನೋಡಿದರೆ ಫೋಟೋ ಸಪ್ಪೆ. ಕಣ್ಣಿಗೆ ಕಂಡ ಹಾಗೆ ಬಂದೇ ಇರಲ್ಲ. ಫ್ರೇಮನ್ನು ಉದ್ದಕ್ಕೂ ಅಡ್ಡಕ್ಕೂ ಮೂರು ಭಾಗ ಮಾಡುವ ಗೆರೆಗಳ ಗ್ರಿಡ್ ಹಾಕಿಕೊಂಡು, ಮುಖ್ಯ ವಸ್ತುವನ್ನು ಆ ಗೆರೆಗಳ ಮೇಲೆ ಇಡುವ ರೂಲ್ ಆಫ್ ಥರ್ಡ್ಸ್ ಪ್ರಕಾರ ತೆಗೆದರೂ ಅಷ್ಟೇ. ಕಂಪೋಸಿಶನ್ ಕಲಿಯೋದು ಹೇಗೆ? 50 ಎಂಎಂ ಲೆನ್ಸ್ ತಗೊಂಡರೆ ಸರಿ ಹೋಗುತ್ತಾ? ಮೂರು ಫೋಟೋ ಕಳಿಸಿದ್ದೇನೆ. ಒಂದು ಅವರೆಕಾಯಿ ಸುಲಿಯುತ್ತಿರುವ ನಮ್ಮಜ್ಜಿ, ಒಂದು ಬೇಲೂರು ದೇವಸ್ಥಾನ, ಇನ್ನೊಂದು ಶೆಟ್ಟಿಹಳ್ಳಿಯ ಚರ್ಚು. ಗ್ರಿಡ್ ಪ್ರಕಾರ ತೆಗೆದ ಅಜ್ಜಿಯ ಇನ್ನೊಂದು ಫೋಟೋನೂ ಜೊತೆಗಿದೆ. ತಪ್ಪಿದ್ದರೆ ನೇರವಾಗಿ ಹೇಳಿ.

ಉತ್ತರ: ಮೊದಲು ಲೆನ್ಸ್ ವಿಷಯ ಮುಗಿಸಿಬಿಡೋಣ. ಸದ್ಯಕ್ಕೆ ದುಡ್ಡು ಹಾಕಬೇಡಿ. 50 ಎಂಎಂ ಒಳ್ಳೆಯ ಲೆನ್ಸೇ. ಕಡಿಮೆ ಬೆಳಕಿನಲ್ಲಿ ತುಂಬಾ ಅನುಕೂಲ. ಆದರೆ ನಿಮ್ಮ ಕ್ಯಾಮೆರಾದ ಸೆನ್ಸರ್ ಹಳೆಯ ಫಿಲ್ಮಿಗಿಂತ ಚಿಕ್ಕದು. ಹಾಗಾಗಿ ಅದರಲ್ಲಿ 50 ಎಂಎಂ ಹಾಕಿದರೆ, ಫಿಲ್ಮ್ ಕಾಲದ ಲೆಕ್ಕದಲ್ಲಿ 75ರಿಂದ 80 ಎಂಎಂ ಲೆನ್ಸಿನಲ್ಲಿ ಕಾಣುವಷ್ಟೇ ಕಾಣುತ್ತದೆ, ಅಂದರೆ ಎದುರಿನ ದೃಶ್ಯದ ಸಣ್ಣ ಭಾಗ ಮಾತ್ರ. ಅಡುಗೆಮನೆಯಲ್ಲಿ ಅಮ್ಮನನ್ನು ತೆಗೆಯಲು ಹೋದರೆ ನಿಮ್ಮ ಬೆನ್ನು ಗೋಡೆಗೆ ತಾಗಿದರೂ ಜಾಗ ಸಾಲುವುದಿಲ್ಲ. ಕಲಿಯುವವರಿಗೆ ಅದು ಸುಮ್ನೆ ಕಟ್ಟಿಹಾಕಿದ ಹಾಗೆ. ಅದರ ಬದಲು ನಿಮ್ಮ ಈಗಿನ ಲೆನ್ಸಿನ ಜೂಮ್ ರಿಂಗನ್ನು 35ಕ್ಕೆ ತಿರುಗಿಸಿ, ಅಲ್ಲಾಡದ ಹಾಗೆ ಒಂದು ತುಂಡು ಟೇಪ್ ಅಂಟಿಸಿ. ಒಂದು ತಿಂಗಳು ಹಾಗೇ ಇರಲಿ. ಹಳೆಯ ಫಿಲ್ಮ್ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ ತೋರಿಸುತ್ತಿದ್ದದ್ದು ಸುಮಾರು ಇಷ್ಟನ್ನೇ. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸ್ಸಾನ್ ತಮ್ಮ ಬಹುಪಾಲು ಕೆಲಸ ಮಾಡಿದ್ದು ಅಂಥ ಒಂದು 50 ಎಂಎಂ ಲೆನ್ಸಿನಲ್ಲೇ. ಟೇಪ್ ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಫೋಟೋಗಳು. ಮೂರರಲ್ಲಿ ನಾನು ಜಾಸ್ತಿ ಹೊತ್ತು ನೋಡಿದ್ದು ನಿಮ್ಮ ಅಜ್ಜಿಯ ಫೋಟೋವನ್ನು. ಅದರೊಳಗೆ ಒಂದು ತುಂಬಾ ಒಳ್ಳೆಯ ಫೋಟೋ ಇದೆ. ಅದಕ್ಕೆ ಬೇರೆ ಏನೇನೋ ಅಡ್ಡ ಬಂದಿದೆ. ಏನೇನಿದೆ ಅಂತ ಎಡಗಡೆಯಿಂದ ಹೇಳುತ್ತಾ ಹೋಗುತ್ತೇನೆ, ಫೋಟೋ ತೆರೆದಿಟ್ಟುಕೊಂಡು ನೋಡಿ. ಎಡ ಅಂಚಿನಲ್ಲಿ ಅರ್ಧಕ್ಕೆ ಕತ್ತರಿಸಿದ ನೀಲಿ ಬಕೆಟ್ಟು. ಅದರ ಮೇಲೆ ಒಣಗಲು ಹಾಕಿದ ಒಂದು ಟವೆಲ್ಲಿನ ತುದಿ. ನಡುವೆ ಅಜ್ಜಿ. ಅವರ ತಲೆಯಿಂದ ನೇರವಾಗಿ ಮೇಲೆ ಹೋಗುತ್ತಿರುವ ಮಳೆನೀರಿನ ಪಿವಿಸಿ ಪೈಪು. ಬಲಗಡೆ ಗೋಡೆಯ ಮೇಲೆ ಕ್ಯಾಲೆಂಡರು. ಇನ್ನೂ ಬಲಕ್ಕೆ ಯಾರದೋ ಬೈಕಿನ ಹಿಂದಿನ ಚಕ್ರ. ಕೆಳಗಿನ ಮೂರನೇ ಒಂದು ಭಾಗ ಬರೀ ಸಿಮೆಂಟು ನೆಲ. ಅವರೆಕಾಯಿ ಎಲ್ಲಿದೆ ಅಂತ ನಾನು ಹುಡುಕಬೇಕಾಯಿತು. ಅಜ್ಜಿಯ ಮಡಿಲಲ್ಲಿರುವ ಮೊರ ಬೆರಳುಗುರಿನಷ್ಟು ಕಾಣುತ್ತಿದೆ. ಅವರ ಕೈ ಬೆರಳುಗಳಂತೂ ಕಾಣುವುದೇ ಇಲ್ಲ.

ಕ್ಲಿಕ್ ಮಾಡುವಾಗ ಇದರಲ್ಲಿ ನಿಮಗೆ ಕಂಡಿದ್ದೇನು? ಅಜ್ಜಿ ಮಾತ್ರ ಅಲ್ವಾ? ಪೈಪೂ ಕಂಡಿರಲ್ಲ, ಬಕೆಟ್ಟೂ ಕಂಡಿರಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಮ್ಮ ಕಣ್ಣು ತನಗೆ ಬೇಕಾದ್ದನ್ನು ಮಾತ್ರ ನೋಡುತ್ತದೆ. ಸಂತೆಯ ಗದ್ದಲದಲ್ಲೂ ನಮ್ಮ ಮನೆಯವರ ಧ್ವನಿ ಕಿವಿಗೆ ಬೀಳುತ್ತದಲ್ಲ, ಹಾಗೆ. ಕ್ಯಾಮೆರಾಗೆ ಈ ಬೇಕು ಬೇಡ ಗೊತ್ತಿಲ್ಲ. ಅಜ್ಜಿಯ ಮುಖಕ್ಕೆ ಕೊಟ್ಟಷ್ಟೇ ಬೆಲೆಯನ್ನು ಬಕೆಟ್ಟಿಗೂ ಕೊಡುತ್ತದೆ. ಬಕೆಟ್ಟು ಗಾಢ ನೀಲಿ, ಅಜ್ಜಿಯ ಸೀರೆ ಮಾಸಿದ ಕಂದು. ಆದ್ದರಿಂದ ಫೋಟೋದಲ್ಲಿ ಬಕೆಟ್ಟಿಗೇ ಬೆಲೆ ಜಾಸ್ತಿ. ಕಣ್ಣಿಗೆ ಕಂಡ ಹಾಗೆ ಫೋಟೋ ಬರಲಿಲ್ಲ ಅನ್ನುವವರೆಲ್ಲರ ಕಥೆ ಇದೇ. ಕಣ್ಣು ತಾನಾಗಿ ಮಾಡುವ ಆಯ್ಕೆಯನ್ನು ನಾವು ಕಾಲಿನಿಂದ ಮಾಡಬೇಕು. ನಡೆದು, ಕೂತು, ಪಕ್ಕಕ್ಕೆ ಸರಿದು, ಬೇಡದ್ದನ್ನು ಚೌಕಟ್ಟಿನಿಂದ ಆಚೆ ಹಾಕಬೇಕು. ಕಂಪೋಸಿಶನ್ ಅಂದರೆ ಮೊದಲಿಗೆ ಇದೇ. ಗ್ರಿಡ್ಡು, ಗೆರೆ, ಲೆಕ್ಕ ಎಲ್ಲ ಆಮೇಲೆ.

ನಾನು ನನ್ನ ಹತ್ತಿರ ಕಲಿಯಲು ಬರುವವರಿಗೆ ಮೊದಲ ದಿನ ಒಂದೇ ಅಭ್ಯಾಸ ಕೊಡುತ್ತೇನೆ. ಅದಕ್ಕೆ ಬದು ಸುತ್ತುವುದು ಅನ್ನುತ್ತೇನೆ. ರೈತ ಬೆಳಗ್ಗೆ ಹೊಲಕ್ಕೆ ಹೋದರೆ ನೇರ ನಡುವೆ ನುಗ್ಗುವುದಿಲ್ಲ. ಬದುವಿನ ಮೇಲೆ ಒಂದು ಸುತ್ತು ಬರುತ್ತಾನೆ. ಎಲ್ಲಿ ನೀರು ಒಡೆದಿದೆ, ಎಲ್ಲಿ ದನ ನುಗ್ಗಿದೆ ಅಂತ ನೋಡುತ್ತಾನೆ. ನೀವೂ ಬಟನ್ ಅರ್ಧ ಒತ್ತಿ ಫೋಕಸ್ ಮಾಡಿದ ಮೇಲೆ, ಪೂರ್ತಿ ಒತ್ತುವ ಮೊದಲು, ಕಣ್ಣಿಟ್ಟು ನೋಡುವ ಕಿಂಡಿಯ, ಅಂದರೆ ವ್ಯೂಫೈಂಡರಿನ ನಾಲ್ಕು ಅಂಚಿನ ಮೇಲೆ ಒಂದು ಸುತ್ತು ಕಣ್ಣು ಹಾಯಿಸಿ. ಎಡಗಡೆಯಿಂದ ಮೇಲೆ, ಮೇಲಿನಿಂದ ಬಲಕ್ಕೆ, ಬಲದಿಂದ ಕೆಳಗೆ. ಅರ್ಧ ಕತ್ತರಿಸಿದ ವಸ್ತು ಇದೆಯಾ? ಹೊಳೆಯುವ ಬಿಳಿ ಚೂರು ಇದೆಯಾ? ಸುತ್ತು ಮುಗಿದ ಮೇಲೆ ಕೊನೆಯದಾಗಿ ತಲೆಯ ಹಿಂದೆ ಏನಿದೆ ಅಂತ ನೋಡಿ. ಶುರುವಿನಲ್ಲಿ ಇದಕ್ಕೆ ನಾಲ್ಕೈದು ಸೆಕೆಂಡು ಹಿಡಿಯುತ್ತದೆ. ತಿಂಗಳು ಕಳೆದರೆ ಅರ್ಧ ಸೆಕೆಂಡು ಸಾಕು. ಒಂದು ಮಾತು ನೆನಪಿರಲಿ. ಹೊಸಬರಿಗೆಂದು ಮಾಡಿದ ಕೆಲವು ಕ್ಯಾಮೆರಾಗಳಲ್ಲಿ ವ್ಯೂಫೈಂಡರ್ ಪೂರ್ತಿ ಫ್ರೇಮನ್ನು ತೋರಿಸುವುದಿಲ್ಲ. ಸುಮಾರು 95 ಶೇಕಡಾ ಮಾತ್ರ ತೋರಿಸುತ್ತದೆ. ನಿಮಗೆ ಕಾಣದೇ ಇದ್ದ ಒಂದು ಎಳೆ ಅಂಚಿನಲ್ಲಿ ಬಂದಿರುತ್ತದೆ. ತೆಗೆದ ಮೇಲೆ ಸ್ಕ್ರೀನಿನಲ್ಲಿ ಅಂಚನ್ನು ಇನ್ನೊಮ್ಮೆ ನೋಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಫಿಲ್ಮ್ ಕಾಲದಲ್ಲಿ, ಇನ್ನೂ ಕಲಿಯುತ್ತಿದ್ದಾಗ, ನಮ್ಮೂರಿನ ಒಬ್ಬ ಮೇಷ್ಟ್ರ ಬೀಳ್ಕೊಡುಗೆಗೆ ಫೋಟೋ ತೆಗೆಯಲು ಹೋಗಿದ್ದೆ. ಒಂದು ರೋಲಿಗೆ 36 ಫೋಟೋ. ಮೇಷ್ಟ್ರ ಮುಖ ಅವತ್ತು ಎಷ್ಟು ಚೆನ್ನಾಗಿತ್ತು ಅಂದರೆ ನಾನು ಬೇರೆ ಏನನ್ನೂ ನೋಡಲಿಲ್ಲ. ತೊಳೆಸಿ ಪ್ರಿಂಟ್ ಬಂದಾಗ ಒಳ್ಳೆಯ ನಗು ಇದ್ದ ಒಂದೇ ಫೋಟೋದಲ್ಲಿ ಅವರ ಕಿವಿಯಿಂದ ಕಿವಿಗೆ ಹಿಂದಿನ ಟ್ಯೂಬ್‌ಲೈಟು ಹಾದುಹೋಗಿತ್ತು. ಕೆಲವು ವರ್ಷದ ನಂತರ ಅವರು ತೀರಿಕೊಂಡರು. ಮಗ ಬಂದು ಆ ಫೋಟೋನೇ ದೊಡ್ಡದು ಮಾಡಿಸಿಕೊಡಿ ಅಂದರು. ಟ್ಯೂಬ್‌ಲೈಟು ಅಳಿಸುವ ಉಪಾಯ ಆಗ ನನಗೆ ಇರಲಿಲ್ಲ. ಹಾಗೇ ಮಾಡಿಸಿ ಕೊಟ್ಟೆ. ಅವರ ಮನೆಯ ಗೋಡೆ ಮೇಲೆ ಅದು ಈಗಲೂ ಇದೆ. ಅವತ್ತು ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಆಗುತ್ತಿತ್ತು.

ನಿಮ್ಮ ಅಜ್ಜಿಯ ಫೋಟೋಗೆ ಬೇಕಾಗಿರುವುದೂ ಸುಮಾರು ಅಷ್ಟೇ. ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಹೇಳುತ್ತೇನೆ. ನಿಮ್ಮ ಫೋಟೋದ ಬಲಗಡೆ, ಕ್ಯಾಲೆಂಡರಿನ ಪಕ್ಕದಲ್ಲಿ, ಮನೆಯ ಬಾಗಿಲು ತೆರೆದಿದೆ. ಒಳಗೆ ಕತ್ತಲೆ. ಅದು ಸ್ಟುಡಿಯೋದವರು ದುಡ್ಡು ಕೊಟ್ಟು ತರುವ ಕಪ್ಪು ಪರದೆಗಿಂತ ಚೆನ್ನಾಗಿರುತ್ತದೆ. ನಿಂತುಕೊಂಡು ತೆಗೆಯುವುದು ಬಿಟ್ಟು, ಅಂಗಳದಲ್ಲಿ ಎಡಕ್ಕೆ ಎರಡು ಹೆಜ್ಜೆ ಹೋಗಿ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ನೀವು ಎಡಕ್ಕೆ ಹೋದರೆ ಹಿಂದಿರುವುದೆಲ್ಲ ಅಜ್ಜಿಯ ಹಿಂದೆ ಎಡಕ್ಕೆ ಸರಿಯುತ್ತದೆ. ಪೈಪು ತಲೆಯಿಂದ ಆಚೆ ಹೋಗುತ್ತದೆ, ಬಾಗಿಲು ತಲೆಯ ಹಿಂದೆ ಬರುತ್ತದೆ. ಬಿಳಿ ಕೂದಲು, ಹಿಂದೆ ಕತ್ತಲೆ. ಕೂತರೆ ನಿಮ್ಮ ಕಣ್ಣು ಅಜ್ಜಿಯ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಸಿಮೆಂಟು ನೆಲ ಕಿರಿದಾಗಿ ಒಂದು ಪಟ್ಟಿ ಅಷ್ಟೇ ಉಳಿಯುತ್ತದೆ. ಹಿರಿಯರನ್ನು ಮೇಲಿನಿಂದ ತೆಗೆದರೆ ಅವರು ಕುಗ್ಗಿದ ಹಾಗೆ ಕಾಣುತ್ತಾರೆ. ಆಮೇಲೆ ಹತ್ತಿರ ಹೋಗುತ್ತಿದ್ದೆ. ನೀವು ನಿಂತಿರುವುದು ಹತ್ತು ಅಡಿ ದೂರ ಅನ್ನಿಸುತ್ತದೆ. ಐದು ಅಡಿಗೆ ಬನ್ನಿ. ಒಂದು ಎಚ್ಚರಿಕೆ ಇದೆ. ಹಿಂದೆ ಕತ್ತಲೆ ಜಾಸ್ತಿ ಇದ್ದರೆ ಕ್ಯಾಮೆರಾ ಮೋಸ ಹೋಗಿ ಇಡೀ ಫೋಟೋನ ಬೆಳ್ಳಗೆ ಮಾಡುತ್ತದೆ. ಅಜ್ಜಿಯ ಮುಖ ಸುಣ್ಣ ಬಳಿದ ಹಾಗಾಗುತ್ತದೆ. ಫೋಟೋನ ಬೆಳ್ಳಗೆ ಅಥವಾ ಕಪ್ಪಗೆ ಮಾಡುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಸೆಟ್ಟಿಂಗನ್ನು ಮೈನಸ್ ಒಂದಕ್ಕೆ ಇಟ್ಟು ತೆಗೆಯಿರಿ. ಫೋನಿನಲ್ಲಾದರೆ ಮುಖದ ಮೇಲೆ ಬೆರಳಿಟ್ಟು ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ.

ಟೇಪಿನ ಮಾತು ಈಗ. ಜೂಮ್ ಮಾಡುವುದೂ ಹತ್ತಿರ ಹೋಗುವುದೂ ಒಂದೇ ಅಂತ ತುಂಬಾ ಜನ ತಿಳಿದಿದ್ದಾರೆ. ಒಂದೇ ಅಲ್ಲ. ಜೂಮ್ ಮಾಡಿದರೆ ಎಷ್ಟು ಕಾಣಬೇಕು ಅನ್ನುವುದು ಮಾತ್ರ ಬದಲಾಗುತ್ತದೆ. ಮುಂದಿನ ವಸ್ತು, ಹಿಂದಿನ ವಸ್ತು ಒಂದಕ್ಕೊಂದು ಎಷ್ಟು ದೊಡ್ಡದು ಅನ್ನುವುದನ್ನು ನೀವು ನಿಂತ ದೂರ ತೀರ್ಮಾನ ಮಾಡುತ್ತದೆ. ಇದನ್ನು ಓದಿ ನಂಬಬೇಡಿ. ಅಂಗಳದಲ್ಲಿ ಒಂದು ಬಿಂದಿಗೆ ಇಡಿ, ಹಿಂದೆ ಹದಿನೈದು ಅಡಿ ದೂರದಲ್ಲಿ ತುಳಸಿಕಟ್ಟೆ ಇರಲಿ. 18ರಲ್ಲಿ ಬಿಂದಿಗೆಯ ಹತ್ತಿರ ಕೂತು ಒಂದು ತೆಗೆಯಿರಿ. ಆಮೇಲೆ 55ಕ್ಕೆ ತಿರುಗಿಸಿ, ಬಿಂದಿಗೆ ಫ್ರೇಮಿನಲ್ಲಿ ಅಷ್ಟೇ ದೊಡ್ಡದಾಗಿ ಕಾಣುವ ತನಕ ಹಿಂದೆ ಹೋಗಿ ಇನ್ನೊಂದು ತೆಗೆಯಿರಿ. ಮೊದಲನೆಯದರಲ್ಲಿ ತುಳಸಿಕಟ್ಟೆ ಎಲ್ಲೋ ದೂರದಲ್ಲಿ ಪುಟ್ಟದಾಗಿರುತ್ತದೆ. ಎರಡನೆಯದರಲ್ಲಿ ಬಿಂದಿಗೆಯ ಬೆನ್ನ ಹಿಂದೆಯೇ ದೊಡ್ಡದಾಗಿ ಬಂದು ನಿಂತಿರುತ್ತದೆ. ಬಿಂದಿಗೆ ಅದೇ, ಕಟ್ಟೆ ಅದೇ. ಈ ಎರಡು ಫೋಟೋ ಪಕ್ಕಪಕ್ಕ ಇಟ್ಟು ನೋಡಿದ ದಿನ ನಿಮಗೆ ಅರ್ಧ ಕಂಪೋಸಿಶನ್ ಬಂತು ಅಂತಲೇ ಲೆಕ್ಕ. ಇದಾದ ಮೇಲೆ ರಿಂಗನ್ನು 35ರಲ್ಲಿ ಟೇಪ್ ಹಾಕಿ ನಿಲ್ಲಿಸಿದರೆ, ಬೇರೆ ದಾರಿ ಇಲ್ಲದೆ ಕಾಲು ಕೆಲಸ ಮಾಡಲು ಶುರು ಮಾಡುತ್ತದೆ. ಎಷ್ಟು ದೂರದಲ್ಲಿ ನಿಂತರೆ ಏನೇನು ಕಾಣುತ್ತದೆ ಅನ್ನುವುದು ಕ್ಯಾಮೆರಾ ಕಣ್ಣಿಗೆ ಇಡುವ ಮೊದಲೇ ಗೊತ್ತಾಗುತ್ತದೆ.

ಫೋನಿನಲ್ಲಿ ಮುಖದ ಹತ್ತಿರ ಹೋಗಿ ತೆಗೆದರೆ ಮೂಗು ದಪ್ಪ, ಕಿವಿ ಸಣ್ಣ ಕಾಣುವುದಕ್ಕೂ ಈ ದೂರವೇ ಕಾರಣ. ಲೆನ್ಸಿನ ಮೇಲೆ ತಪ್ಪು ಹೊರಿಸಬೇಡಿ. ನಾಲ್ಕೈದು ಅಡಿ ಹಿಂದೆ ನಿಂತು ತೆಗೆದು, ಆಮೇಲೆ ಸುತ್ತಲಿನ ಅಂಚು ಕತ್ತರಿಸಿ, ಅಂದರೆ ಕ್ರಾಪ್ ಮಾಡಿ ನೋಡಿ, ಮುಖ ಸರಿಯಾಗಿರುತ್ತದೆ.

ಅಜ್ಜಿಯ ಬಗ್ಗೆ ಇನ್ನೂ ಒಂದು ಮಾತಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದಾರೆ ಅಂತ ಬರೆದಿದ್ದೀರಿ. ಸುಲಿದ ಕಾಳನ್ನು ನೀರಲ್ಲಿ ನೆನೆಸಿ ಹಿತಕುವುದೂ ಇರುತ್ತದಲ್ಲ, ಅದನ್ನು ತೆಗೆಯಿರಿ. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಸಿಕ್ಕು, ಸಿಪ್ಪೆ ಬೆರಳಲ್ಲಿ ಉಳಿದು, ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಆ ಚಿಮ್ಮುವ ಗಳಿಗೆ ಇದೆಯಲ್ಲ, ಅದು ಕಂಪೋಸಿಶನ್‌ಗೆ ಎಷ್ಟು ಒಳ್ಳೆಯ ಪಾಠ ಗೊತ್ತಾ? ಫ್ರೇಮನ್ನು ಮೊದಲೇ ಕಟ್ಟಿಕೊಳ್ಳಬೇಕು. ಪಾತ್ರೆಯ ಬಾಯಿ ಕೆಳಗಿನ ಮೂಲೆಯಲ್ಲಿ, ಕೈ ಮೇಲಿನಿಂದ ಓರೆಯಾಗಿ ಇಳಿದಿರಬೇಕು. ಬೆರಳಿಗೂ ಪಾತ್ರೆಗೂ ನಡುವೆ ಖಾಲಿ ಜಾಗ ಬಿಟ್ಟಿರಬೇಕು. ಕಾಳು ಬಂದು ಆ ಖಾಲಿ ಜಾಗವನ್ನು ತುಂಬುತ್ತದೆ. ಖಾಲಿ ಜಾಗ ಯಾಕೆ ಬೇಕು ಅಂತ ಕೇಳುವವರಿಗೆ ನಾನು ಇಂಥ ಉದಾಹರಣೆಯನ್ನೇ ಕೊಡುವುದು. ಶಟರ್ 1/500 ಸೆಕೆಂಡಿಗೆ ಇಡಿ, ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಿ. ಇಪ್ಪತ್ತು ಮೂವತ್ತು ಸಲ ತೆಗೆದರೆ ಒಂದು ಸಿಗುತ್ತದೆ. ಕೈ ಮಾತ್ರ ತೆಗೆಯುವಾಗ ಮಣಿಕಟ್ಟಿನ ಹತ್ತಿರ ಕತ್ತರಿಸಬೇಡಿ. ಕೀಲು ಇರುವಲ್ಲಿ ಅಂಚು ಬಂದರೆ ಅಂಗ ತುಂಡಾದ ಹಾಗೆ ಕಾಣುತ್ತದೆ. ಮೊಣಕೈಗೂ ಮಣಿಕಟ್ಟಿಗೂ ನಡುವೆ ಎಲ್ಲಾದರೂ ಅಂಚು ಬರಲಿ. ಕಾಲಿಗೂ ಇದೇ ಮಾತು. ಮಂಡಿ, ಪಾದದ ಗಂಟು ಬಿಟ್ಟು ಬೇರೆ ಕಡೆ ಕತ್ತರಿಸಿ.

ಇನ್ನು ಗ್ರಿಡ್ಡು. ಈ ಮೂರನೇ ಒಂದು ಭಾಗದ ಲೆಕ್ಕ ಫೋಟೋಗ್ರಫಿಯಲ್ಲಿ ಹುಟ್ಟಿದ್ದೇ ಅಲ್ಲ. ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಅನ್ನುವ ಕಲಾವಿದ 1797ರಲ್ಲಿ ಹಳ್ಳಿಯ ದೃಶ್ಯಗಳ ಚಿತ್ರದ ಬಗ್ಗೆ ಬರೆಯುವಾಗ ಅದಕ್ಕೆ ರೂಲ್ ಆಫ್ ಥರ್ಡ್ಸ್ ಅನ್ನುವ ಹೆಸರು ಕೊಟ್ಟ. ಆಕಾಶ ಮತ್ತು ನೆಲವನ್ನು ಸರಿಸಮ ಹಂಚಬಾರದು, ಒಂದಕ್ಕೆ ಎರಡು ಪಾಲು, ಇನ್ನೊಂದಕ್ಕೆ ಒಂದು ಪಾಲು ಇರಲಿ ಅನ್ನುವುದು ಅವನ ಮಾತು. ಫ್ರಾನ್ಸಿನ ದಾಗೆರ್ ಕಂಡುಹಿಡಿದ ಫೋಟೋ ತೆಗೆಯುವ ವಿಧಾನವನ್ನು ಪ್ಯಾರಿಸ್ಸಿನಲ್ಲಿ ಜಗತ್ತಿಗೆ ತಿಳಿಸಿದ್ದು 1839ರಲ್ಲಿ, ಅಂದರೆ ಅದಕ್ಕೂ 42 ವರ್ಷ ಆದಮೇಲೆ. ಸ್ಮಿತ್ ಮಾತಿನ ತಿರುಳು ಇಷ್ಟೇ: ಎರಡು ವಸ್ತು ಸಮ ಬಲದಲ್ಲಿ ಜಗಳಕ್ಕೆ ನಿಲ್ಲಬಾರದು, ಯಾವುದು ಮುಖ್ಯ ಅಂತ ನೀವು ಹೇಳಬೇಕು. ನೀವು ಮಾಡಿರುವುದು ಏನು? ಅಜ್ಜಿಯನ್ನು ಗೆರೆ ಕೂಡುವ ಜಾಗಕ್ಕೆ ತಂದಿಟ್ಟ ಇನ್ನೊಂದು ಫೋಟೋ ಕೂಡ ಕಳಿಸಿದ್ದೀರಿ. ಅದರಲ್ಲಿ ಅಜ್ಜಿ ಬಲ ಅಂಚಿನ ಹತ್ತಿರ ಕೂತು ಬಲಕ್ಕೇ ನೋಡುತ್ತಿದ್ದಾರೆ. ಎಡಗಡೆ ಇಡೀ ಜಗಲಿ ಖಾಲಿ. ಲೆಕ್ಕ ಸರಿ ಇದೆ, ಆದರೆ ಅವರ ನೋಟಕ್ಕೆ ಜಾಗ ಇಲ್ಲ. ಮೂಗು ಅಂಚಿಗೆ ತಾಗುತ್ತಿದೆ. ಮನುಷ್ಯ ಯಾವ ಕಡೆ ನೋಡುತ್ತಿದ್ದಾನೋ, ಗಾಡಿ ಯಾವ ಕಡೆ ಹೋಗುತ್ತಿದೆಯೋ ಆ ಕಡೆ ಜಾಗ ಬಿಡಿ. ಇದು ಗ್ರಿಡ್ಡಿಗಿಂತ ದೊಡ್ಡ ಮಾತು. ನಿಮ್ಮ ಮನೆಯಲ್ಲಿ ಬಾಳೆ ಎಲೆ ಹಾಕಿ ಬಡಿಸುವುದನ್ನು ನೋಡಿರುತ್ತೀರಿ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲಕ್ಕೂ ಅದರದೇ ಜಾಗ ಇದೆ. ಅನ್ನ ಕಲಸುವ ಕೈಗೆ ನಡುವೆ ಜಾಗ ಬಿಟ್ಟಿರುತ್ತಾರೆ. ಎಲೆಯ ಮೇಲೆ ಗೆರೆ ಎಳೆದು ಯಾರೂ ಬಡಿಸುವುದಿಲ್ಲ. ಕೈ ಎಲ್ಲಿ ಓಡಾಡುತ್ತದೆ ಅಂತ ಗೊತ್ತಿರುವುದರಿಂದ ಬಡಿಸುತ್ತಾರೆ. ಫೋಟೋದಲ್ಲಿ ಓಡಾಡುವುದು ನೋಡುವವರ ಕಣ್ಣು.

ಶೆಟ್ಟಿಹಳ್ಳಿಯ ಫೋಟೋದಲ್ಲಿ ನೀವು ಗ್ರಿಡ್ಡನ್ನು ನಂಬಿ ಕೆಟ್ಟಿರಿ. ಹೇಮಾವತಿಯ ಹಿನ್ನೀರು ತುಂಬಿದಾಗ ಆ ಚರ್ಚು ನೀರಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ. ನೀವು ಹೋದ ದಿನ ಗಾಳಿ ಇರಲಿಲ್ಲ, ನೀರು ಕನ್ನಡಿ ಹಾಗಿತ್ತು. ಮೇಲೆ ಚರ್ಚು, ಕೆಳಗೆ ತಲೆಕೆಳಗಾದ ಚರ್ಚು. ಇಲ್ಲಿ ನೀರಿನ ಗೆರೆ ನಟ್ಟನಡುವೆ ಬರಬೇಕಿತ್ತು. ನೀವು ಅದನ್ನು ಕೆಳಗಿನ ಗೆರೆಗೆ ಇಳಿಸಿದ್ದೀರಿ, ನೆರಳಿನ ತುದಿ ಕತ್ತರಿಸಿ ಹೋಗಿದೆ. ಮೇಲೆ ಬರೀ ಬೂದು ಆಕಾಶ. ಎರಡು ಭಾಗ ಒಂದನ್ನೊಂದು ಹೋಲುವಾಗ, ಸಮ ಹಂಚಿಕೆಯೇ ಚಿತ್ರದ ವಿಷಯ ಆಗುವಾಗ, ನಡುವೆ ಇಡಿ, ಹೆದರಬೇಡಿ. ಅಂದ ಹಾಗೆ ನಿಮ್ಮ ನೀರು ಬಲಕ್ಕೆ ಸ್ವಲ್ಪ ವಾಲಿದೆ. ನೀರು ವಾಲಿದರೆ ಕಣ್ಣು ಸುಮ್ಮನಿರುವುದಿಲ್ಲ. ಕ್ಯಾಮೆರಾದ ಗ್ರಿಡ್ ಇದಕ್ಕೆ ಮಾತ್ರ ನಿಜಕ್ಕೂ ಉಪಯೋಗ. ಇನ್ನೊಮ್ಮೆ ಹೋದಾಗ ಹಳೆಯ ಗೋಡೆಗಳ ಬುಡಕ್ಕೆ ಹೋಗಬೇಡಿ, ದಡದಿಂದಲೇ ತೆಗೆಯಿರಿ.

ಬೇಲೂರಿನ ಫೋಟೋ ಬಗ್ಗೆ ಕಡಿಮೆ ಹೇಳುತ್ತೇನೆ, ಯಾಕೆಂದರೆ ಅಲ್ಲಿ ತಪ್ಪು ಒಂದೇ. ಇಡೀ ದೇವಸ್ಥಾನವನ್ನು ಒಂದು ಫೋಟೋದಲ್ಲಿ ತುಂಬಲು ಹೋಗಿದ್ದೀರಿ. ಮಧ್ಯಾಹ್ನದ ಬಿಸಿಲು, ಬಿಳಿ ಆಕಾಶ, ಬಣ್ಣಬಣ್ಣದ ಟೀ ಶರ್ಟಿನ ಜನ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಲು ಶುರು ಮಾಡಿದ ಆ ಗುಡಿಯ ಸೊಗಸು ಇರುವುದು ಬಳಪದ ಕಲ್ಲಿನ ಮೇಲಿನ ಸಣ್ಣ ಸಣ್ಣ ಕೆತ್ತನೆಯಲ್ಲಿ. ದೂರದಿಂದ ತೆಗೆದರೆ ಅದೆಲ್ಲ ಒಂದೇ ಬೂದು ಮುದ್ದೆ. ಕೆತ್ತನೆಗೆ ಓರೆ ಬೆಳಕು ಬೇಕು. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಚಳಿಗಾಲದಲ್ಲಿ ಸೂರ್ಯ ಸ್ವಲ್ಪ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಆದ್ದರಿಂದ ಬೆಳಗ್ಗೆ ಬೇಗ ಹೋದರೆ ದಕ್ಷಿಣದ ಗೋಡೆಯ ಮೇಲೆ ಬೆಳಕು ಉಜ್ಜಿಕೊಂಡು ಹೋಗುತ್ತದೆ. ಆಗ ಪ್ರತಿ ಕುಸುರಿಗೂ ಒಂದು ಸಣ್ಣ ನೆರಳು ಬೀಳುತ್ತದೆ. ಆ ನೆರಳಿನಿಂದಲೇ ಕಲ್ಲಿಗೆ ಮೈ ಬರುವುದು. ಮಧ್ಯಾಹ್ನವೇ ಹೋಗಬೇಕಾಗಿ ಬಂದರೆ ಮೇಲಿನ ಮದನಿಕೆಯರನ್ನು ತೆಗೆಯಿರಿ. ಅವರು ಸೂರಿನ ಕೆಳಗಿರುವುದರಿಂದ ನೇರ ಬಿಸಿಲು ತಾಗುವುದಿಲ್ಲ, ಬಿಸಿಲು ಬಿದ್ದ ನೆಲದಿಂದ ಮೆತ್ತಗಿನ ಬೆಳಕು ಮೇಲೆ ಬರುತ್ತದೆ. ಕೆಳಗೇ ನಿಂತು ಕತ್ತೆತ್ತಿ ತೆಗೆಯುವ ಬದಲು ಗುಡಿ ನಿಂತಿರುವ ಕಟ್ಟೆಯ, ಅಂದರೆ ಜಗತಿಯ ಅಂಚಿನ ತನಕ ಹಿಂದೆ ಬಂದು, ಟೇಪ್ ಬಿಚ್ಚಿ, 55ರಲ್ಲಿ ತೆಗೆಯಿರಿ. ಮೂರ್ತಿಯ ಮುಖ, ಮೈಯ ಅಳತೆ ಕೆಡುವುದಿಲ್ಲ. ಒಂದೇ ಮೂರ್ತಿ, ಒಂದು ಗಂಟೆ ಅಂತ ಇಟ್ಟುಕೊಳ್ಳಿ. ಕಲ್ಲು ಕಾದಿರುತ್ತದೆ, ಚೀಲದಲ್ಲಿ ಒಂದು ಜೊತೆ ಕಾಲುಚೀಲ ಇರಲಿ. ಕಾಲು ಸುಡುತ್ತಿದ್ದರೆ ಯಾರಿಗೂ ಅಂಚು ನೋಡುವ ತಾಳ್ಮೆ ಇರುವುದಿಲ್ಲ.

ಕ್ರಾಪ್ ಮಾಡಬಹುದಾ ಅಂತ ನೀವು ಕೇಳಿಲ್ಲ, ಆದರೆ ಎಲ್ಲರೂ ಕೇಳುತ್ತಾರೆ. ಕಲಿಯುವಾಗ ಧಾರಾಳವಾಗಿ ಮಾಡಿ. ಕಾರ್ಟಿಯೆ-ಬ್ರೆಸ್ಸಾನ್ ಕ್ರಾಪ್ ಮಾಡಲು ಒಪ್ಪುತ್ತಿರಲಿಲ್ಲ. ಅದು ಅವರ ಹಟ, ಅದರಿಂದ ಅವರಿಗೆ ಒಳ್ಳೆಯದೂ ಆಯಿತು. ನಿಮಗೆ ಕ್ರಾಪ್ ಒಬ್ಬ ಮೇಷ್ಟ್ರ ಹಾಗೆ. ಮನೆಗೆ ಬಂದು ಅಜ್ಜಿಯ ಫೋಟೋ ತೆರೆದು, ಎಡದಿಂದ, ಬಲದಿಂದ, ಕೆಳಗಿನಿಂದ ಕತ್ತರಿಸುತ್ತಾ ಹೋಗಿ. ಎಲ್ಲಿ ನಿಲ್ಲಿಸಿದರೆ ಚೆನ್ನಾಗಿ ಕಾಣುತ್ತದೋ ಅದನ್ನು ನೋಡಿ, ಇದು ಬರಬೇಕಾದರೆ ನಾನು ಎಲ್ಲಿ ನಿಲ್ಲಬೇಕಿತ್ತು ಅಂತ ಕೇಳಿಕೊಳ್ಳಿ. ಮಾರನೇ ದಿನ ಅಲ್ಲಿಗೆ ಹೋಗಿ ನಿಂತು ತೆಗೆಯಿರಿ. ತಲೆಯ ಹಿಂದಿನ ಪೈಪನ್ನು ಕ್ರಾಪ್ ತೆಗೆಯಲಾರದು, ಅದನ್ನು ನಿಮ್ಮ ಕಾಲೇ ತೆಗೆಯಬೇಕು.

ಇದೆಲ್ಲ ಕಲಿಯಲು ಬೇರೆಯವರ ಫೋಟೋ ನೋಡುವುದೂ ಬೇಕು. ಮೊಬೈಲಿನಲ್ಲಿ ಬೆರಳಾಡಿಸುತ್ತಾ ನೂರು ಫೋಟೋ ನೋಡುವುದಕ್ಕಿಂತ ಒಂದನ್ನು ಹತ್ತು ನಿಮಿಷ ನೋಡಿ. ಮೈಸೂರಿನ ಟಿ.ಎಸ್. ಸತ್ಯನ್ ಅವರಿಂದ ಶುರು ಮಾಡಿ ಅಂತ ನಾನು ಹೇಳುವುದು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರು ದೇಶದ ದೊಡ್ಡ ಪತ್ರಿಕಾ ಛಾಯಾಗ್ರಾಹಕರಲ್ಲಿ ಒಬ್ಬರು. ಯುನಿಸೆಫ್‌ಗೂ ವಿಶ್ವ ಆರೋಗ್ಯ ಸಂಸ್ಥೆಗೂ ಫೋಟೋ ತೆಗೆದವರು, ಪದ್ಮಶ್ರೀ ಬಂದವರು. ಆದರೂ ಜೀವನ ಪೂರ್ತಿ ಅವರು ಪ್ರೀತಿಯಿಂದ ತೆಗೆದದ್ದು ನಿಮ್ಮ ಅಜ್ಜಿಯಂಥ ಸಾಮಾನ್ಯ ಜನರನ್ನು, ಮಕ್ಕಳನ್ನು, ಬೀದಿಯಲ್ಲಿ ದಿನಾ ನಡೆಯುವ ಕೆಲಸಗಳನ್ನು. ಅವರ ಒಂದು ಕಪ್ಪು ಬಿಳುಪು ಫೋಟೋ ಹುಡುಕಿ, ಅದನ್ನು ತಲೆಕೆಳಗು ಮಾಡಿ ನೋಡಿ. ತಲೆಕೆಳಗಾದಾಗ ಮುಖ ಮುಖವಾಗಿ ಕಾಣುವುದಿಲ್ಲ. ಬೆಳಕು ಎಲ್ಲಿದೆ, ಕತ್ತಲೆ ಎಲ್ಲಿದೆ, ಯಾವ ಆಕಾರ ಯಾವುದಕ್ಕೆ ತಾಗಿದೆ ಅನ್ನುವುದು ಮಾತ್ರ ಕಾಣುತ್ತದೆ. ನಿಮ್ಮ ಫೋಟೋವನ್ನೂ ಹೀಗೇ ತಿರುಗಿಸಿ ಪಕ್ಕದಲ್ಲಿಟ್ಟು ನೋಡಿ. ನಿಮ್ಮ ನೀಲಿ ಬಕೆಟ್ಟು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ನನ್ನ ಫೋಟೋಗಳನ್ನು ನಾನು ಇವತ್ತಿಗೂ ಹೀಗೆ ತಿರುಗಿಸಿ ನೋಡುತ್ತೇನೆ.

ಅವರೆಕಾಯಿ ಕಾಲ ಮುಗಿಯಲು ಇನ್ನೂ ಕೆಲವು ವಾರ ಇದೆ. ಅಜ್ಜಿಯ ಹತ್ತಿರ ದಿನಾ ಹತ್ತು ನಿಮಿಷ ಕೂತುಕೊಳ್ಳಿ. ಮೊದಲ ಎರಡು ದಿನ ಅವರು ಕ್ಯಾಮೆರಾ ನೋಡಿ ಸೆರಗು ಸರಿ ಮಾಡಿಕೊಳ್ಳುತ್ತಾರೆ, ನೆಟ್ಟಗೆ ಕೂರುತ್ತಾರೆ. ಅವನ್ನೂ ತೆಗೆದುಕೊಡಿ, ಅವರಿಗೆ ಬೇಕಾಗಿರುವುದು ಆ ಫೋಟೋ. ಮೂರನೇ ದಿನದಿಂದ ನಿಮ್ಮನ್ನು ಮರೆತು ಕೆಲಸ ಮಾಡುತ್ತಾರೆ. ಆಗ ನಿಮಗೆ ಬೇಕಾದ ಫೋಟೋ ಸಿಗುತ್ತದೆ. ತೆಗೆದದ್ದನ್ನು ಅವತ್ತೇ ಅಳಿಸಬೇಡಿ. ಒಂದು ವಾರ ಬಿಟ್ಟು, ಎಲ್ಲವನ್ನೂ ಸಾಲಾಗಿ ತೆರೆದು ನೋಡಿ. ಯಾವ ದಿನ ಎಲ್ಲಿ ನಿಂತಿದ್ದಿರಿ, ಯಾವಾಗ ಹತ್ತಿರ ಹೋದಿರಿ ಅನ್ನುವುದು ಸಾಲಿನಲ್ಲಿ ಕಾಣುತ್ತದೆ. ಕಲಿಯುವುದು ಅದರಿಂದಲೇ.

ಒಂದು ಒಳ್ಳೆಯದು ಬಂದರೆ ಪ್ರಿಂಟ್ ಹಾಕಿಸಿ ಅಜ್ಜಿಗೆ ಕೊಡಿ. ಅಳತೆ ಹೇಳುವಾಗ ಹುಷಾರು. ನಿಮ್ಮ ಕ್ಯಾಮೆರಾದ ಫೋಟೋ ಮೂರಕ್ಕೆ ಎರಡರ ಅಳತೆಯದು. 4×6, 8×12, 12×18 ಇಂಚಿನ ಪ್ರಿಂಟಿನಲ್ಲಿ ಪೂರ್ತಿ ಕೂರುತ್ತದೆ. 5×7 ಅಥವಾ 8×10 ಅಂದರೆ ಉದ್ದದ ಎರಡು ತುದಿಯನ್ನು ಕತ್ತರಿಸಿ ಕೊಡುತ್ತಾರೆ. ಫೋನಿನ ಫೋಟೋ ನಾಲ್ಕಕ್ಕೆ ಮೂರರ ಅಳತೆ, ಅದು 4×6ರಲ್ಲೂ ಸ್ವಲ್ಪ ಕತ್ತರಿಸಿ ಹೋಗುತ್ತದೆ. ಬದು ಸುತ್ತಿ, ನೋಡಿ ನೋಡಿ ಇಟ್ಟ ಅಂಚು ಅದು. ಸ್ಟುಡಿಯೋದಲ್ಲಿ 8×12 ಅಂತಲೇ ಕೇಳಿ.